ಕ್ಯಾಸೆಟ್ಟಿನೊಳಗಿನ ಡ್ರಮ್ಮು

ಚರ್ಮವಿಲ್ಲದೆ, ಕೋಲಿಲ್ಲದೆ ಡ್ರಮ್ಮು ನುಡಿದೀತೇ? 1985ರಲ್ಲಿ ಬ್ರಿಟನ್ನಿನ ಮನೆಗಳಲ್ಲಿ ನುಡಿಯಿತು. ಚೀತಾ ಕಂಪನಿ ತಯಾರಿಸಿದ ಆ ಸಾಧನದ ಹೆಸರು ಸ್ಪೆಕ್‌ಡ್ರಮ್.

ಸಿಂಕ್ಲೇರ್ ಕಂಪನಿಯು 1982ರಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತ್ತು. 48 ಕಿಲೋಬೈಟ್ ಮಾದರಿಯ ಬೆಲೆ 175 ಪೌಂಡ್. ಮನೆಯ ಟಿವಿಯೇ ಅದರ ಪರದೆ, ಟೇಪ್ ರೆಕಾರ್ಡರೇ ಉಗ್ರಾಣ. ದನಿ ಮಾತ್ರ ಬರಿಯ ‘ಬೀಪ್’. ಅದೇ ವರ್ಷ ಅಮೆರಿಕದ ರೋಜರ್ ಲಿನ್ ಅವರ ಲಿನ್‌ಡ್ರಮ್ ಬಂತು. ನಿಜವಾದ ಡ್ರಮ್ಮಿನ ಪೆಟ್ಟುಗಳನ್ನೇ ಅಂಕಿಗಳಾಗಿ ಹಿಡಿದಿಟ್ಟು ಅದು ನುಡಿಸುತ್ತಿತ್ತು. ಆದರೆ ಬೆಲೆ ಸುಮಾರು 3,000 ಡಾಲರ್! ಮನೆಯ ಹುಡುಗರ ಕೈಗೆ ಎಟುಕುವುದೆಲ್ಲಿ?

ಸ್ಪೆಕ್‌ಡ್ರಮ್ ಅದೇ ವಿದ್ಯೆಯನ್ನು ಸುಮಾರು 30 ಪೌಂಡಿಗೆ ಇಳಿಸಿತು. ಹೇಗೆ ಗೊತ್ತೇ? ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಆ ಪುಟ್ಟ ಪೆಟ್ಟಿಗೆಯಲ್ಲಿ ಡ್ರಮ್ಮಿನ ದನಿಯೇ ಇರಲಿಲ್ಲ. ದನಿಗಳೆಲ್ಲ ಕ್ಯಾಸೆಟ್ಟಿನಲ್ಲಿದ್ದವು. ಟೇಪು ಓಡಿದಾಗ ಅಂಕಿಗಳು ಕಂಪ್ಯೂಟರಿನ ನೆನಪಿಗೆ ಸೇರುತ್ತಿದ್ದವು. ಪೆಟ್ಟಿಗೆ ಅವನ್ನು ಮತ್ತೆ ನಾದವಾಗಿಸಿ ಆಂಪ್ಲಿಫೈಯರಿಗೆ ಕಳಿಸುತ್ತಿತ್ತು. ಬೇರೆ ಕ್ಯಾಸೆಟ್ ಹಾಕಿದರೆ ಲ್ಯಾಟಿನ್ ವಾದ್ಯಗಳೂ ಮೊಳಗುತ್ತಿದ್ದವು.

1986ರಲ್ಲಿ ಸಿಂಕ್ಲೇರ್ ತನ್ನ ಕಂಪ್ಯೂಟರ್ ವ್ಯಾಪಾರವನ್ನು ಆಮ್‌ಸ್ಟ್ರಾಡ್ ಕಂಪನಿಗೆ ಮಾರಿತು. ಕಾಲ ಸರಿಯಿತು. ಕ್ಯಾಸೆಟ್ ಕಳೆದುಕೊಂಡ ಪೆಟ್ಟಿಗೆ ಮೂಕವಾಯಿತು. ಆಸಕ್ತರು ಹಳೆಯ ಟೇಪುಗಳನ್ನು ಹುಡುಕಿ ನಕಲು ಮಾಡಿಟ್ಟಿದ್ದರಿಂದ ಆ ಡ್ರಮ್ಮು ಇಂದಿಗೂ ನುಡಿಯುತ್ತಿದೆ.

ಕೇಳುಗರೇ, ನಿಮ್ಮ ಅಟ್ಟದ ಮೇಲೂ ಅಜ್ಜಿ ಹಾಡಿದ ಸೋಬಾನೆಯ ಕ್ಯಾಸೆಟ್ ಇದ್ದೀತು. ಬೂಷ್ಟು ಹಿಡಿಯುವ ಮುನ್ನ ಅದರ ನಕಲು ತೆಗೆಸಿಡಿ. ಪೆಟ್ಟಿಗೆ ಎಲ್ಲಾದರೂ ಸಿಕ್ಕೀತು. ಕಳೆದ ದನಿ ಮತ್ತೆ ಸಿಗದು.