ಬೆಂಗಳೂರು ಬುಲ್ಸ್: ಫ್ಯಾಂಟಸಿ ಕಬಡ್ಡಿ ತಂಡ ಕಟ್ಟುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿರುವ, ಗಡಿಗೆ ಮೊಸರಿಗೆ ಹೆಸರಾದ ಕೊಲ್ಹಾರದಲ್ಲಾಗಲಿ, ಅದರ ಸುತ್ತಲಿನ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಭಾಗಗಳಲ್ಲಾಗಲಿ ಕಬಡ್ಡಿ ಎಂದರೆ ಮೊದಲಿಗೆ ಮಣ್ಣಿನ ಅಂಕಣದ ಆಟ. ವೃತ್ತಿಪರ ಕಬಡ್ಡಿ ಇಲ್ಲಿಗೆ ತಲುಪುವುದು ಟಿ.ವಿ. ಪರದೆ ಹಾಗೂ ಮೊಬೈಲ್ ಫೋನ್‌ಗಳ ಮೂಲಕ. ಪ್ರೊ ಕಬಡ್ಡಿ ಲೀಗ್‌ನಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವ ಏಕೈಕ ತಂಡ ಬೆಂಗಳೂರು ಬುಲ್ಸ್. ಪ್ರತಿ ಆವೃತ್ತಿ ಹತ್ತಿರವಾದಂತೆ ಆ ತಂಡದ ಆಟಗಾರರನ್ನು ಸೇರಿಸಿಕೊಂಡು ಕಾಲ್ಪನಿಕ ತಂಡ ಕಟ್ಟುವವರ ಲೆಕ್ಕಾಚಾರವೂ ಶುರುವಾಗುತ್ತದೆ.

ಈ ಲೆಕ್ಕಾಚಾರದಲ್ಲಿ ಹೆಚ್ಚಿನವರು ನೆಚ್ಚಿಕೊಳ್ಳುವುದು ಹೆಸರು ಮತ್ತು ಹರಾಜಿನ ಬೆಲೆಯನ್ನು. ಆದರೆ 2014ರಿಂದ 2025ರವರೆಗಿನ 12 ಆವೃತ್ತಿಗಳಲ್ಲಿ ಬುಲ್ಸ್ ನಡೆದು ಬಂದ ದಾರಿಯನ್ನು ಗಮನಿಸಿದರೆ ಇವೆರಡೂ ನಂಬಲರ್ಹ ಅಳತೆಗೋಲುಗಳಲ್ಲ ಎಂಬುದು ಸ್ಪಷ್ಟವಾಗುತ್ತದೆ. ಆಟಗಾರ ಅಂಕಣದ ಮೇಲೆ ಎಷ್ಟು ಹೊತ್ತು ಉಳಿಯುತ್ತಾನೆ ಎಂಬುದೇ ಇಲ್ಲಿ ಮುಖ್ಯ.

ಆಟದ ಒಳಲೆಕ್ಕ

ಪಂದ್ಯ 20 ನಿಮಿಷಗಳ ಎರಡು ಅವಧಿಗಳದ್ದು. ಪ್ರತಿ ತಂಡದಲ್ಲಿ ಏಳು ಮಂದಿ, ಪ್ರತಿ ದಾಳಿಗೆ 30 ಸೆಕೆಂಡ್. ದಾಳಿಗಾರ ಮುಟ್ಟಿ ಬಂದ ಪ್ರತಿ ಎದುರಾಳಿಗೆ ಒಂದು ಅಂಕ. ಅವನನ್ನು ಹಿಡಿದರೆ ರಕ್ಷಣಾ ತಂಡಕ್ಕೆ ಒಂದು ಅಂಕ. ಎದುರಾಳಿ ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಗೆರೆಗೆ ಬೆಲೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಸೇರಿ ದಾಳಿಗಾರನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ. ಸತತ ಎರಡು ದಾಳಿ ಬರಿಗೈಯಾದರೆ ಮೂರನೆಯದು ಮಾಡು ಇಲ್ಲವೇ ಮಡಿ ದಾಳಿ.

ಫ್ಯಾಂಟಸಿ ಆಟದಲ್ಲಿ ಎರಡೂ ತಂಡಗಳಿಂದ ಏಳು ಮಂದಿಯನ್ನು ನಿಗದಿತ ಮೌಲ್ಯದ ಮಿತಿಯೊಳಗೆ ಆರಿಸಬೇಕು. ದಾಳಿಗಾರ, ರಕ್ಷಣಾ ಆಟಗಾರ, ಆಲ್‌ರೌಂಡರ್ ಎಂಬ ಮೂರು ವಿಭಾಗಗಳಿಂದಲೂ ಆಯ್ಕೆ ಆಗಬೇಕು. ಸಾಮಾನ್ಯವಾಗಿ ನಾಯಕನ ಅಂಕ ಇಮ್ಮಡಿಯಾಗುತ್ತದೆ, ಉಪನಾಯಕನದು ಒಂದೂವರೆ ಪಟ್ಟು. ಅಂಕಪದ್ಧತಿ ಆ್ಯಪ್‌ನಿಂದ ಆ್ಯಪ್‌ಗೆ ಬೇರೆಯಾದರೂ ಒಂದು ಯಶಸ್ವಿ ಹಿಡಿತಕ್ಕೆ ಒಂದು ಮುಟ್ಟುವಿಕೆಗಿಂತ ಹೆಚ್ಚು ಬೆಲೆ ಕೊಡುವುದು ವಾಡಿಕೆ.

ಹೊಸಬರು ಮರೆಯುವ ಸಂಗತಿಯೊಂದಿದೆ. ಔಟಾದ ದಾಳಿಗಾರ ಮತ್ತೆ ಅಂಕಣಕ್ಕೆ ಮರಳಬೇಕಾದರೆ ಅವನ ತಂಡ ಎದುರಾಳಿಯೊಬ್ಬನನ್ನು ಹೊರಗಟ್ಟಬೇಕು. ಬೋನಸ್ ಅಂಕದಿಂದ ಯಾರೂ ಒಳಬರುವುದಿಲ್ಲ. ರಕ್ಷಣೆ ದುರ್ಬಲವಾಗಿದ್ದರೆ ಎಂಥ ದಾಳಿಗಾರನೂ ನಿಮಿಷಗಟ್ಟಲೆ ಹೊರಗೆ ಕುಳಿತಿರಬೇಕಾಗುತ್ತದೆ. ಆ ಹೊತ್ತಿನಲ್ಲಿ ಅವನ ಖಾತೆಗೆ ಒಂದು ಅಂಕವೂ ಸೇರದು. ಆದ್ದರಿಂದ ದಾಳಿಗಾರನನ್ನು ಆರಿಸುವ ಮುನ್ನ ಅವನ ತಂಡದ ಮೂಲೆ ಮತ್ತು ಕವರ್ ಆಟಗಾರರು ಯಾರೆಂದು ನೋಡಬೇಕು.

ಬುಲ್ಸ್ ನಡೆದು ಬಂದ ದಾರಿ

2014ರ ಮೊದಲ ಆವೃತ್ತಿಯಲ್ಲಿ ಮಂಜೀತ್ ಚಿಲ್ಲರ್ ನಾಯಕತ್ವದಲ್ಲಿ ಸೆಮಿಫೈನಲ್ ತಲುಪಿದ ಬುಲ್ಸ್, 2015ರಲ್ಲಿ ಫೈನಲ್‌ಗೆ ಏರಿ ಯು ಮುಂಬಾ ಎದುರು 30–36ರಿಂದ ಸೋತಿತು. 2017ರಲ್ಲಿ ರೋಹಿತ್ ಕುಮಾರ್ ಯು.ಪಿ. ಯೋಧಾ ವಿರುದ್ಧದ ಒಂದೇ ಪಂದ್ಯದಲ್ಲಿ 32 ಅಂಕ ಗಳಿಸಿ ಗಮನ ಸೆಳೆದರು.

ತಂಡದ ಏಕೈಕ ಪ್ರಶಸ್ತಿ ಬಂದದ್ದು 6ನೇ ಆವೃತ್ತಿಯಲ್ಲಿ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಬುಲ್ಸ್ 38–33ರಿಂದ ಗುಜರಾತ್ ಫಾರ್ಚೂನ್‌ಜೈಂಟ್ಸ್ ತಂಡವನ್ನು ಮಣಿಸಿತು. ಪವನ್ ಸೆಹ್ರಾವತ್ ಆ ಪಂದ್ಯದಲ್ಲಿ 22 ಅಂಕ, ಇಡೀ ಆವೃತ್ತಿಯಲ್ಲಿ 271 ದಾಳಿ ಅಂಕ ಗಳಿಸಿದರು. ಆವೃತ್ತಿ ಆರಂಭವಾದಾಗ ತಂಡದ ದೊಡ್ಡ ಹೆಸರುಗಳೆಂದರೆ ನಾಯಕ ರೋಹಿತ್ ಕುಮಾರ್ ಮತ್ತು ಕಾಶಿಲಿಂಗ್ ಅಡಕೆ. ಪವನ್ ಅವರನ್ನು ಮೊದಲ ದಿನವೇ ಆರಿಸಿಕೊಂಡವರು ಹೆಸರನ್ನಲ್ಲ, ಆಟವನ್ನು ನೋಡಿದವರು.

2019ರ 7ನೇ ಆವೃತ್ತಿಯಲ್ಲಿ ಪವನ್ 346 ದಾಳಿ ಅಂಕ ಗಳಿಸಿದರು. ಹರಿಯಾಣ ಸ್ಟೀಲರ್ಸ್ ವಿರುದ್ಧದ ಒಂದೇ ಪಂದ್ಯದಲ್ಲಿ 39. ಕೋವಿಡ್ ಕಾರಣದಿಂದ ಸಂಪೂರ್ಣವಾಗಿ ಬೆಂಗಳೂರಿನ ಒಂದೇ ಹೋಟೆಲ್‌ನಲ್ಲಿ, ಪ್ರೇಕ್ಷಕರಿಲ್ಲದೆ ನಡೆದ 2021–22ರ 8ನೇ ಆವೃತ್ತಿಯಲ್ಲೂ ಅವರು 300ರ ಗಡಿ ದಾಟಿದರು.

ಬೆಲೆ ಮತ್ತು ಅಂಕ ಒಂದೇ ಅಲ್ಲ

2022ರ ಹರಾಜು ಫ್ಯಾಂಟಸಿ ಆಟಗಾರರಿಗೆ ಒಳ್ಳೆಯ ಪಾಠ. ಬುಲ್ಸ್ ತೊರೆದ ಪವನ್ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಪಾಲಾದರು. ಆದರೆ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಆವೃತ್ತಿಯಿಂದ ಹೊರಬಿದ್ದರು. ಇತ್ತ ಬುಲ್ಸ್ 1.70 ಕೋಟಿ ರೂಪಾಯಿ ಕೊಟ್ಟು ವಿಕಾಶ್ ಕಂಡೋಲಾ ಅವರನ್ನು ತಂದಿತು. ತಂಡದ ದಾಳಿಯ ಭಾರ ಹೊತ್ತದ್ದು ಮಾತ್ರ ಯುವಕ ಭರತ್ ಹೂಡಾ. ಅವರ 279 ದಾಳಿ ಅಂಕಗಳ ಬಲದಿಂದ ಬುಲ್ಸ್ ಸೆಮಿಫೈನಲ್ ತಲುಪಿ, ಜೈಪುರ ಪಿಂಕ್ ಪ್ಯಾಂಥರ್ಸ್‌ಗೆ 29–49ರಿಂದ ಶರಣಾಯಿತು.

2024ರ 11ನೇ ಆವೃತ್ತಿ ಇನ್ನೂ ಕಹಿಯಾದ ಪಾಠ. 1,600ಕ್ಕೂ ಹೆಚ್ಚು ದಾಳಿ ಅಂಕಗಳ ಒಡೆಯ, 2015ರಲ್ಲಿ ಬುಲ್ಸ್ ಮೂಲಕವೇ ಲೀಗ್ ಪ್ರವೇಶಿಸಿದ್ದ ಪರ್ದೀಪ್ ನರ್ವಾಲ್ 70 ಲಕ್ಷ ರೂಪಾಯಿಗೆ ತವರಿಗೆ ಮರಳಿ ನಾಯಕರಾದರು. ಹೆಸರಿಗೆ ಮಾರುಹೋದ ಅಭಿಮಾನಿಗಳ ನಿರೀಕ್ಷೆ ಮುಗಿಲು ಮುಟ್ಟಿತ್ತು. ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. 12 ತಂಡಗಳಲ್ಲಿ ಕೊನೆಯ ಸ್ಥಾನ. ಮರುವರ್ಷದ ಹರಾಜಿನಲ್ಲಿ ಯಾವ ತಂಡವೂ ಕೊಳ್ಳದಿದ್ದಾಗ ಪರ್ದೀಪ್ ನಿವೃತ್ತಿ ಘೋಷಿಸಿದರು.

ತಳದಿಂದ ಮೇಲಕ್ಕೆ

2025ರ 12ನೇ ಆವೃತ್ತಿಗೆ ತಂಡದ ಸ್ವರೂಪವೇ ಬದಲಾಯಿತು. ಮೊದಲ ಆವೃತ್ತಿಯಿಂದಲೂ ಜತೆಗಿದ್ದ ತರಬೇತುದಾರ ರಣಧೀರ್ ಸಿಂಗ್ ಸೆಹ್ರಾವತ್ ಅವರ ಸ್ಥಾನಕ್ಕೆ ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ಬಂದರು. 6ನೇ ಆವೃತ್ತಿಯಲ್ಲಿ ಚಾಂಪಿಯನ್ ಬುಲ್ಸ್‌ನ ತರಬೇತಿ ಬಳಗದಲ್ಲಿದ್ದ ಅವರು 7ನೇ ಆವೃತ್ತಿಯಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 10ನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್‌ಗೆ ಪ್ರಶಸ್ತಿ ತಂದುಕೊಟ್ಟವರು.

ಪುಣೇರಿ ಪಲ್ಟನ್ ವಿರುದ್ಧದ ಮೊದಲ ಪಂದ್ಯವನ್ನು 32–32ರ ಸಮಬಲದ ನಂತರ ಟೈಬ್ರೇಕರ್‌ನಲ್ಲಿ ಕಳೆದುಕೊಂಡ ಬುಲ್ಸ್, ಆರಂಭದ ಸೋಲುಗಳಿಂದ ಚೇತರಿಸಿಕೊಂಡು ಅಂಕಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೇರಿತು. ಪ್ಲೇಆಫ್‌ನಲ್ಲಿ ತೆಲುಗು ಟೈಟನ್ಸ್ ಎದುರು ಸೋತು ನಿರ್ಗಮಿಸಿತು. ಹಿಂದಿನ ವರ್ಷ ತಳದಲ್ಲಿದ್ದ ತಂಡವೆಂದು ಇವರನ್ನು ಕಡೆಗಣಿಸಿದವರು ಮಾತ್ರ ಪೆಚ್ಚಾದರು. ಇರಾನ್‌ನ ಅಲಿರೆಜಾ ಮಿರ್ಜಾಯಿಯಾನ್ ದಾಳಿಯ ಮುಂಚೂಣಿಯಲ್ಲಿದ್ದರೆ, ಹಿಂಬದಿಯಲ್ಲಿ ಯೋಗೇಶ್ ಮತ್ತು ದೀಪಕ್ ಶಂಕರ್ ಎಂಬ ಮೂಲೆಯ ಜೋಡಿ ನಿಂತಿತ್ತು. ಮೂಲೆಯ ಆಟಗಾರರು ದಾಳಿಗಾರರ ಕಾಲಿಗೆ ಮೊದಲು ಕೈ ಹಾಕುವವರಾದ್ದರಿಂದ ಅವರಿಗೆ ಅವಕಾಶವೂ ಹೆಚ್ಚು. ಹಿಂದಿನ ಆವೃತ್ತಿಗಳಲ್ಲಿ ಸೌರಭ್ ನಂದಲ್ ಬಲ ಮೂಲೆಯಲ್ಲಿ ಇದೇ ಕೆಲಸ ಮಾಡಿದ್ದರು.

ತವರಿಲ್ಲದ ತಂಡ

ತವರಿನ ಬೆಂಬಲವನ್ನು ಲೆಕ್ಕಕ್ಕೆ ಹಿಡಿಯುವವರು ಎಚ್ಚರ ವಹಿಸಬೇಕು. 2017ರಲ್ಲಿ ಬುಲ್ಸ್‌ನ ತವರು ಪಂದ್ಯಗಳು ನಡೆದದ್ದು ನಾಗಪುರದಲ್ಲಿ, 2018ರಲ್ಲಿ ಪುಣೆಯಲ್ಲಿ. 2023ರ ಡಿಸೆಂಬರ್‌ನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಲೀಗ್ ಬಂದಿತ್ತು. ಆದರೆ 2024ರ ಪಂದ್ಯಗಳು ಹೈದರಾಬಾದ್, ನೋಯ್ಡಾ, ಪುಣೆಗಳಿಗೂ 2025ರವು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಿಗೂ ಸೀಮಿತವಾದವು. ವೇಳಾಪಟ್ಟಿ ಪ್ರಕಟವಾದಾಗ ಊರಿಗಿಂತ ಮುಖ್ಯವಾಗಿ ನೋಡಬೇಕಾದದ್ದು ಪಂದ್ಯಗಳ ನಡುವಿನ ಬಿಡುವು. ಸತತ ಪಂದ್ಯಗಳಿದ್ದಾಗ ಪ್ರಮುಖ ಆಟಗಾರರಿಗೆ ವಿಶ್ರಾಂತಿ ಸಿಗುವ ಸಾಧ್ಯತೆ ಇರುತ್ತದೆ.

ನಿಯಮಗಳ ಬದಲಾವಣೆಯೂ ಗಮನಾರ್ಹ. 11ನೇ ಆವೃತ್ತಿಯವರೆಗೆ ಗೆಲುವಿಗೆ ಐದು ಅಂಕವಿತ್ತು. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತವರಿಗೂ ಒಂದು ಅಂಕ ದೊರೆಯುತ್ತಿತ್ತು. 2025ರಲ್ಲಿ ಗೆಲುವಿಗೆ ಎರಡು, ಸೋಲಿಗೆ ಸೊನ್ನೆ ಎಂದಾಯಿತು. ಸಮಬಲವಾದ ಲೀಗ್ ಪಂದ್ಯಗಳಿಗೂ ಟೈಬ್ರೇಕರ್ ಬಂತು. ಕಡಿಮೆ ಅಂತರದ ಸೋಲಿಗೆ ಬೆಲೆಯಿಲ್ಲದ ಮೇಲೆ ಹಿಂದುಳಿದ ತಂಡ ಕೊನೆಯ ನಿಮಿಷಗಳಲ್ಲಿ ಸಮಯ ಕಳೆಯುವುದರಲ್ಲಿ ಅರ್ಥವಿಲ್ಲ. ಆಗ ಅಪಾಯದ ದಾಳಿಗಳೂ ಹಿಡಿತಗಳೂ ಹೆಚ್ಚುವುದು ಸಹಜ.

ಹಣದ ಮಾತು

ಈ ಆಟಕ್ಕೆ ಅಂಟಿಕೊಂಡಿದ್ದ ಹಣದ ನಂಟು ವರ್ಷಗಳ ಕಾಲ ವಿವಾದದಲ್ಲಿತ್ತು. ರಾಜ್ಯ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ತಿದ್ದುಪಡಿಯ ಪ್ರಮುಖ ಅಂಶಗಳನ್ನು ರದ್ದುಗೊಳಿಸಿತು.

ನಂತರ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಈ ಕಾಯ್ದೆ ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷಗಳವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡುವವರಿಗೆ ಎರಡು ವರ್ಷಗಳವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆ ವಿಧಿಸಿಲ್ಲ. ಡ್ರೀಮ್11, ಎಂಪಿಎಲ್ ಸೇರಿದಂತೆ ದೊಡ್ಡ ಕಂಪನಿಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ಒಂದೇ ವಾರದ ನಂತರ, ಆಗಸ್ಟ್ 29ರಂದು ಪ್ರೊ ಕಬಡ್ಡಿಯ 12ನೇ ಆವೃತ್ತಿ ಆರಂಭವಾಯಿತು.

ಪವನ್ ಅವರ ಮೊಣಕಾಲಿನ ಪೆಟ್ಟನ್ನೂ 2024ರ ಬುಲ್ಸ್ ಕುಸಿತವನ್ನೂ ಯಾವ ಲೆಕ್ಕಾಚಾರವೂ ಮುಂಚಿತವಾಗಿ ಹೇಳಲಿಲ್ಲ. ಇಂಥ ಅನಿಶ್ಚಿತತೆಯ ಮೇಲೆ ತಿಂಗಳ ಸಂಬಳವನ್ನೋ ಕಾಲೇಜು ಶುಲ್ಕವನ್ನೋ ಪಣಕ್ಕಿಡುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಉಚಿತ ಸ್ಪರ್ಧೆಯಲ್ಲಾದರೆ ಲೆಕ್ಕ ತಪ್ಪಿದರೂ ಕಳೆದುಕೊಳ್ಳುವುದು ಅಂಕ ಮಾತ್ರ. ಹಣದ ಸ್ಪರ್ಧೆ ಇನ್ನೂ ಇದೆ ಎಂದು ಕರೆಯುವ ಅಪರಿಚಿತ ಆ್ಯಪ್ ಹಾಗೂ ಸಂದೇಶಗಳಿಂದ ದೂರವಿರುವುದು ಒಳಿತು.

ನೆನಪಿಡಬೇಕಾದ ಅಂಶಗಳು

* ಆರಂಭದ ಏಳು ಮಂದಿಯ ಪಟ್ಟಿ ಪ್ರಕಟವಾದ ಮೇಲೆಯೇ ತಂಡ ಅಂತಿಮಗೊಳಿಸಿ. ಬದಲಿ ಆಟಗಾರನಿಗೆ ಅವಕಾಶ ಖಚಿತವಿಲ್ಲ.

* ಹರಾಜಿನ ಬೆಲೆ ಹಳೆಯ ಆಟಕ್ಕೆ ಸಂದದ್ದು. ಮೊದಲ ಮೂರು ನಾಲ್ಕು ಪಂದ್ಯಗಳಲ್ಲಿ ಯಾರು ಹೆಚ್ಚು ದಾಳಿಗೆ ಹೋಗುತ್ತಾರೆ ಎಂಬುದನ್ನು ಗಮನಿಸಿ.

* ಮಾಡು ಇಲ್ಲವೇ ಮಡಿ ದಾಳಿಗೆ ಮಾತ್ರ ಬಳಕೆಯಾಗುವವನನ್ನು ನಾಯಕನನ್ನಾಗಿಸಬೇಡಿ.

* ಮೂಲೆಯ ಒಬ್ಬ ಆಟಗಾರನಾದರೂ ನಿಮ್ಮ ಏಳರಲ್ಲಿರಲಿ. ಕಡಿಮೆ ಮೌಲ್ಯಕ್ಕೆ ಹೆಚ್ಚು ಅಂಕ ಬರುವುದು ಅಲ್ಲಿಂದ.

* ಟೈಬ್ರೇಕರ್ ಅಂಕಗಳು ಲೆಕ್ಕಕ್ಕೆ ಬರುತ್ತವೆಯೇ ಎಂಬುದನ್ನು ಆಯಾ ಸ್ಪರ್ಧೆಯ ನಿಯಮದಲ್ಲಿ ಓದಿಕೊಳ್ಳಿ.

* ಬುಲ್ಸ್ ಮೇಲಿನ ಅಭಿಮಾನ ಪಂದ್ಯ ನೋಡುವಾಗ ಇರಲಿ, ತಂಡ ಕಟ್ಟುವಾಗ ಎದುರಾಳಿ ಪಾಳಯವನ್ನೂ ಅಷ್ಟೇ ಗಮನದಿಂದ ನೋಡಿ.