ಮಾನಿಟರ್ ಮತ್ತು ಮಂತ್ರಿ

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮೊಮ್ಮಗಳು ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, ತಾನು ತನ್ನ ಶಾಲೆಯ ‘ನ್ಯಾಷನಲ್ ಆನರ್ ಸೊಸೈಟಿ’ಗೆ ಆಯ್ಕೆಯಾಗಿರುವುದಾಗಿ ತಿಳಿಸಿದಳು. “ತಾತ, ನಿಮ್ಮ ಸ್ಕೂಲಲ್ಲೂ ಇಂಥದ್ದೆಲ್ಲ ಇತ್ತಾ?” ಎಂದು ಕೇಳಿದಳು. “ಇತ್ತು ಪುಟ್ಟಾ” ಎಂದೆನಾದರೂ, ಆ ಉತ್ತರ ಪೂರ್ಣ ಸತ್ಯವಲ್ಲವೆಂಬ ಅಳುಕು ನನ್ನನ್ನು ಬಿಡಲಿಲ್ಲ. ಸಮಾಜ ವಿಜ್ಞಾನ ಬೋಧಿಸಿದವನಿಗೆ ಯಾವ ಪ್ರಶ್ನೆಗೂ ಇತಿಹಾಸದಿಂದಲೇ ಉತ್ತರ ಹೇಳುವ ಚಟ. ಹಳೆಯ ವಿದ್ಯಾರ್ಥಿಗಳು ಸಹಿಸಿಕೊಳ್ಳಬೇಕು.

ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಸಿಕ್ಕ ಮೊದಲ ಪದವಿ ಮಾನಿಟರಿನದು. ಈ ಪದ ಇಂಗ್ಲಿಷರದಾದರೂ ಅದರ ಹಿಂದಿನ ಪದ್ಧತಿಯ ಬೇರು ದಕ್ಷಿಣ ಭಾರತದಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದ್ರಾಸಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು ನಡೆಸುತ್ತಿದ್ದನು. ಅಲ್ಲಿನ ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು. ಅದನ್ನು ಕಲಿಸಲು ಉಪಾಧ್ಯಾಯರು ಒಪ್ಪದಿದ್ದಾಗ ಒಬ್ಬ ಹುಡುಗನನ್ನೇ ಕಿರಿಯರಿಗೆ ಗುರುವನ್ನಾಗಿ ಮಾಡಿದನು. 1797ರಲ್ಲಿ ಆತ ಪ್ರಕಟಿಸಿದ ವರದಿಯಿಂದ ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನಲ್ಲಿ ಹೆಸರಾಯಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಅವನ ಹಣದಿಂದ ಸ್ಥಾಪಿತವಾದ ಶಾಲೆಗೆ ಇಂದಿಗೂ ‘ಮದ್ರಾಸ್ ಕಾಲೇಜ್’ ಎಂದೇ ಹೆಸರು. ನಮ್ಮ ಕೂಲಿಮಠಗಳಲ್ಲಿಯೂ ಹಿರಿಯ ಹುಡುಗರು ಕಿರಿಯರ ಕೈಹಿಡಿದು ಮರಳಿನಲ್ಲಿ ತಿದ್ದಿಸುತ್ತಿದ್ದುದನ್ನು ನನ್ನ ಅಜ್ಜ ಹೇಳುತ್ತಿದ್ದರು.

ಆದರೆ ಮಾನಿಟರನನ್ನು ನೇಮಿಸುವವರು ಗುರುಗಳು. ಗದ್ದಲ ಮಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವ ಆತ ತರಗತಿಯ ಪ್ರತಿನಿಧಿಯಲ್ಲ, ಮೇಷ್ಟರ ಕಣ್ಣು.

ನೇಮಕದಿಂದ ಚುನಾವಣೆಗೆ ಸಾಗುವ ದಾರಿಯನ್ನು ನಮ್ಮ ಮೈಸೂರು ಸಂಸ್ಥಾನವೂ ನಡೆದು ಬಂದಿದೆ. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನವನ್ನು ನಡೆಸಿದಾಗ ಅದರ 144 ಸದಸ್ಯರೂ ನಾಮಕರಣಗೊಂಡ ಜಮೀನ್ದಾರರು ಮತ್ತು ವರ್ತಕರು. ಚುನಾವಣೆಯ ಹಕ್ಕು ಬಂದದ್ದು ಹತ್ತು ವರ್ಷಗಳ ಅನಂತರ, 1891ರಲ್ಲಿ. ಅದೂ ಆಸ್ತಿ ಅಥವಾ ವಿದ್ಯೆಯುಳ್ಳ ಕೆಲವರಿಗೆ ಮಾತ್ರ. ಸಭೆ ಅಹವಾಲು ಹೇಳಬಹುದಿತ್ತು, ಆಜ್ಞೆ ಮಾಡುವಂತಿರಲಿಲ್ಲ.

ನಮ್ಮ ಶಾಲೆಗಳ ವಿದ್ಯಾರ್ಥಿ ಮಂತ್ರಿಮಂಡಲವೂ ಅಂಥದೇ ಒಂದು ಅಹವಾಲಿನ ಸಭೆ. ನೀವೆಲ್ಲ ಬಲ್ಲಿರಿ: ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ನಾಮಪತ್ರ, ಗುರುತು, ಭಾಷಣ, ಬೆರಳಿಗೆ ಶಾಯಿ, ರಟ್ಟಿನ ಡಬ್ಬಿಯ ಮತಪೆಟ್ಟಿಗೆ. ಆಮೇಲೆ ಪ್ರಧಾನಮಂತ್ರಿ, ಆರೋಗ್ಯಮಂತ್ರಿ, ಕ್ರೀಡಾಮಂತ್ರಿ, ತೋಟದ ಮಂತ್ರಿ, ವಿರೋಧ ಪಕ್ಷದ ನಾಯಕ. ಪ್ರಾರ್ಥನೆಯ ವೇಳೆ ಪ್ರಮಾಣವಚನ. ಅವೆನ್ಯೂ ರಸ್ತೆಯಿಂದ ತಂದ ಬ್ಯಾಡ್ಜನ್ನು ಪಿನ್ನಿನಿಂದ ಚುಚ್ಚಿಸಿಕೊಳ್ಳುವಾಗ ಎಷ್ಟು ಎದೆಗಳು ಉಬ್ಬುತ್ತಿದ್ದವು! ಈಗ ಅನೇಕ ಶಾಲೆಗಳಲ್ಲಿ ಮೊಬೈಲಿನಲ್ಲಿಯೇ ಮತಯಂತ್ರ ಮಾಡಿಕೊಳ್ಳುತ್ತಾರೆ.

ಮೊಮ್ಮಗಳ ಆನರ್ ಸೊಸೈಟಿ 1921ರಲ್ಲಿ ಆರಂಭವಾದ ಸಂಸ್ಥೆ. ವ್ಯಾಸಂಗ, ಸೇವೆ, ನಾಯಕತ್ವ, ಶೀಲ ಎಂಬ ನಾಲ್ಕನ್ನು ಅಳೆದು ಅಧ್ಯಾಪಕರ ಸಮಿತಿ ಸದಸ್ಯರನ್ನು ಆರಿಸುತ್ತದೆ. ಅವಳ ಶಾಲೆಯಲ್ಲಿ ವಿದ್ಯಾರ್ಥಿ ಮಂಡಳಿ ಬೇರೆಯೇ ಇದೆ. ಅದಕ್ಕೆ ಮಕ್ಕಳೇ ಮತ ಹಾಕುತ್ತಾರೆ. ಗೌರವ ಗುರುಗಳು ಕೊಡುವಂಥದು, ಪ್ರಾತಿನಿಧ್ಯ ಸಹಪಾಠಿಗಳು ಕೊಡುವಂಥದು. ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ನನ್ನಿಂದ ಒಂದು ಅನ್ಯಾಯ ನಡೆದುಹೋಯಿತು.

ಅದು 1989. ಸಂವಿಧಾನದ ಅರುವತ್ತೊಂದನೆಯ ತಿದ್ದುಪಡಿ ಮಾರ್ಚ್ 28ರಂದು ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು. ಹತ್ತನೆಯ ತರಗತಿಯಲ್ಲಿ ಅದನ್ನು ಉತ್ಸಾಹದಿಂದ ವಿವರಿಸಿದ್ದೆ. ಜುಲೈನಲ್ಲಿ ಶಾಲೆಯ ಚುನಾವಣೆ, ನಾನೇ ಚುನಾವಣಾಧಿಕಾರಿ. ಅಧ್ಯಾಪಕರ ಕೊಠಡಿಯ ಬಾಗಿಲು ಹಾಕಿಕೊಂಡು ಎಣಿಸಿದೆವು. ಗೆದ್ದವನು ಗಣಿತದಲ್ಲಿ ಎರಡು ಬಾರಿ ಅನುತ್ತೀರ್ಣನಾದ, ಬನಶಂಕರಿಯ ಕಡೆಯಿಂದ ನಡೆದು ಬರುತ್ತಿದ್ದ ಗಾರೆ ಕೆಲಸದವರ ಮಗ. ನಲ್ಲಿ ಒಣಗಿದ ದಿನಗಳಲ್ಲಿ ಸಂಪಿನಿಂದ ನೀರು ಸೇದಿ ಚಿಕ್ಕ ಮಕ್ಕಳಿಗೆ ಕೊಡುತ್ತಿದ್ದುದು ಅವನೇ. ಸೋತವನು ತರಗತಿಗೆ ಮೊದಲಿಗ. ವಾರ್ಷಿಕೋತ್ಸವದಲ್ಲಿ ಅತಿಥಿಗಳ ಮುಂದೆ ಭಾಷಣ ಮಾಡುವವನು ‘ಲಕ್ಷಣವಾಗಿರಬೇಕು’ ಎಂದು ಹಿರಿಯರು ಅಭಿಪ್ರಾಯಪಟ್ಟರು. ನಾನು ವಿರೋಧಿಸಲಿಲ್ಲ. ಅಷ್ಟೇ ಅಲ್ಲ, ಹುಡುಗನನ್ನು ಕರೆದು, ಓದಿನ ಕಡೆ ಗಮನ ಕೊಡಲು ನೀನಾಗಿಯೇ ಹಿಂದೆ ಸರಿಯುವುದು ಒಳ್ಳೆಯದೆಂದು ಹೇಳಿದವನೂ ನಾನೇ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಸಾರ್. ಆದ್ರೆ ಮತ್ತೆ ಓಟು ಯಾಕೆ ಹಾಕಿಸಿದ್ರಿ ಸಾರ್?” ಎಂದು ಕೇಳಿದ. ಅದರಲ್ಲಿ ಕೋಪವಿರಲಿಲ್ಲ, ಪಾಠದಲ್ಲಿ ಅರ್ಥವಾಗದ್ದನ್ನು ಕೇಳುವ ಧ್ವನಿಯಿತ್ತು. ನಾನು ಉತ್ತರಿಸಲಿಲ್ಲ. ಅವನನ್ನು ತೋಟದ ಮಂತ್ರಿಯನ್ನಾಗಿ ಮಾಡಿದೆವು. ವರ್ಷವಿಡೀ ಗಿಡಗಳಿಗೆ ನೀರು ಹಾಕಿದ. ನವೆಂಬರಿನಲ್ಲಿ ದೇಶದ ಹದಿನೆಂಟರ ತರುಣರು ಮೊದಲ ಬಾರಿಗೆ ಲೋಕಸಭೆಗೆ ಮತ ಹಾಕಿದಾಗ ಆ ವಿಷಯವನ್ನು ತರಗತಿಯಲ್ಲಿ ಎತ್ತಲು ನನ್ನ ನಾಲಿಗೆ ಏಳಲಿಲ್ಲ.

ಮರುವರ್ಷ ಮುಖ್ಯೋಪಾಧ್ಯಾಯರನ್ನು ಕಾಡಿ ಬೇಡಿ ಒಂದು ನಿಯಮ ಮಾಡಿಸಿದೆ: ಎಣಿಕೆ ಮಕ್ಕಳ ಎದುರಿಗೆ, ಪ್ರತಿ ಚೀಟಿಗೂ ಕರಿಹಲಗೆಯ ಮೇಲೆ ಒಂದು ಗೀಟು. ನಾನು 2020ರಲ್ಲಿ ನಿವೃತ್ತನಾಗುವವರೆಗೂ ಅದು ನಡೆಯಿತು. ನನಗೆ ಇಷ್ಟವಿಲ್ಲದವರು ಎಷ್ಟೋ ಸಲ ಗೆದ್ದರು. ಕೆಲವರು ಕೆಲಸ ಕೆಡಿಸಿದರು, ಹಲವರು ನನ್ನ ಅಂದಾಜನ್ನು ಸುಳ್ಳು ಮಾಡಿದರು.

ಮೊಮ್ಮಗಳಿಗೆ ಈ ವಾರ ಮತ್ತೆ ಫೋನ್ ಮಾಡಿ ಇದೆಲ್ಲವನ್ನೂ ಹೇಳಿದೆ. “ಆ ಹುಡುಗನಿಗೆ ಸಾರಿ ಹೇಳಿದ್ರಾ ತಾತ?” ಎಂದಳು. ಇಲ್ಲ. ಆತ ಇದನ್ನು ಓದುತ್ತಿರಬಹುದು, ಓದದಿರಬಹುದು. ಹೇಗೂ ಇರಲಿ, ಮೂವತ್ತಾರು ವರ್ಷಗಳಾದರೂ ಹೇಳಬೇಕಾದದ್ದನ್ನು ಇಲ್ಲಿ ಹೇಳುತ್ತೇನೆ: ಆ ವರ್ಷದ ಪ್ರಧಾನಮಂತ್ರಿ ನೀನೇ, ಮಗು. ತಪ್ಪು ನನ್ನದು.