ಬಲಬದಿಯ ಹೃದಯ ಮತ್ತು ಕೊರೊನರಿ ಚಿಕಿತ್ಸೆ

ಹೃದಯವು ಹುಟ್ಟಿನಿಂದಲೇ ಎದೆಯ ಬಲಭಾಗದಲ್ಲಿದ್ದು, ಅದರ ತುದಿಯೂ ಬಲಕ್ಕೆ ಚಾಚಿರುವ ರಚನೆಗೆ ಡೆಕ್ಸ್ಟ್ರೋಕಾರ್ಡಿಯಾ ಎಂದು ಹೆಸರು. ಸುಮಾರು 10,000ದಿಂದ 12,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಯಕೃತ್ತು ಎಡಕ್ಕೆ, ಜಠರ ಬಲಕ್ಕೆ ಬಂದು ಒಳಾಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿದ್ದರೆ ಅದು ಸೈಟಸ್ ಇನ್ವರ್ಸಸ್. ಲಂಡನ್ನಿನ ಮ್ಯಾಥ್ಯೂ ಬೇಯ್ಲಿ 1788ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ. ಇಂಥವರ ಹೃದಯ ಸಾಮಾನ್ಯವಾಗಿ ಬೇರೆ ದೋಷವಿಲ್ಲದೆ ಕೆಲಸ ಮಾಡುತ್ತದೆ. ಆದ್ದರಿಂದ ಅವರೂ ಪೂರ್ಣ ಆಯುಷ್ಯ ಬಾಳುತ್ತಾರೆ, ಎಲ್ಲರಂತೆಯೇ ಅವರ ಕೊರೊನರಿ ರಕ್ತನಾಳಗಳಲ್ಲೂ ಕೊಬ್ಬು ಕಟ್ಟಿಕೊಳ್ಳುತ್ತದೆ. ರಕ್ತನಾಳದೊಳಗಿನ ಕಾಯಿಲೆ ಹೊಸತೇನಲ್ಲ. ತೊಡಕೆಲ್ಲ ದಿಕ್ಕನ್ನು ಗುರುತಿಸುವುದರಲ್ಲಿದೆ. ಅದು ರೋಗಿ ಕ್ಯಾತ್ ಲ್ಯಾಬ್, ಅಂದರೆ ರಕ್ತನಾಳದೊಳಗೆ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆ, ತಲುಪುವ ಮೊದಲೇ ಶುರುವಾಗುತ್ತದೆ.

ಹೃದಯಾಘಾತದ ನೋವು ಇವರಲ್ಲಿ ಬಲ ಎದೆಗೆ, ಬಲ ತೋಳಿಗೆ ಹರಡಬಹುದು. ಎಡಗಡೆಯ ನೋವನ್ನೇ ಹುಡುಕುವ ಅಭ್ಯಾಸವಿದ್ದವರು ಅದನ್ನು ಕಡೆಗಣಿಸುವ ಅಪಾಯವಿದೆ. ಇಸಿಜಿಯೂ ದಾರಿ ತಪ್ಪಿಸುತ್ತದೆ. ಮೊದಲ ಲೀಡ್‌ನಲ್ಲಿ ಎಲ್ಲ ಅಲೆಗಳೂ ಕೆಳಮುಖವಾಗಿರುವುದರಿಂದ ತೋಳಿನ ತಂತಿಗಳು ಅದಲುಬದಲಾಗಿವೆ ಎಂದೇ ಅನ್ನಿಸುತ್ತದೆ. ಆದರೆ ತಂತಿಯಷ್ಟೇ ತಪ್ಪಿದ್ದರೆ ಎದೆಯ ಲೀಡ್‌ಗಳು ಸರಿಯಾಗಿಯೇ ಇರುತ್ತವೆ. ಡೆಕ್ಸ್ಟ್ರೋಕಾರ್ಡಿಯಾದಲ್ಲಿ ಎಡಕ್ಕೆ ಹೋದಂತೆಲ್ಲ ಅಲೆಗಳು ಕುಗ್ಗುತ್ತವೆ. ತೋಳಿನ ತಂತಿಗಳನ್ನು ಅದಲುಬದಲು ಮಾಡಿ, ಎದೆಯ ಲೀಡ್‌ಗಳನ್ನು ಬಲಭಾಗದಲ್ಲಿ ಅಂಟಿಸಿ ಮತ್ತೊಮ್ಮೆ ಇಸಿಜಿ ತೆಗೆಯಲು ಕೆಲವೇ ನಿಮಿಷ ಸಾಕು. ಆ ನಿಮಿಷಗಳಲ್ಲಿ ಹೃದಯದ ಸ್ನಾಯು ಉಳಿಯುತ್ತದೆ.

ಆಂಡ್ರಿಯಾಸ್ ಗ್ರುಂಟ್‌ಜಿಗ್ 1977ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಕೊರೊನರಿ ಆಂಜಿಯೋಪ್ಲಾಸ್ಟಿ, ಅಂದರೆ ಕಿರಿದಾದ ರಕ್ತನಾಳವನ್ನು ಬಲೂನಿನಿಂದ ಅಗಲಿಸುವ ಚಿಕಿತ್ಸೆ, ಮಾಡಿದರು. ಹತ್ತು ವರ್ಷಗಳಲ್ಲೇ, 1987ರಲ್ಲಿ, ಸೈಟಸ್ ಇನ್ವರ್ಸಸ್ ಇದ್ದ ರೋಗಿಯಲ್ಲಿ ಅದು ಯಶಸ್ವಿಯಾದ ವರದಿ ಪ್ರಕಟವಾಯಿತು. ಅಂದಿನಿಂದ ಬಂದ ವರದಿಗಳಲ್ಲಿ ಹೆಚ್ಚಿನವು ದಿನನಿತ್ಯದ ಕ್ಯಾತಿಟರ್‌ಗಳನ್ನೇ ಹೇಳುತ್ತವೆ. ಬದಲಾಗುವುದು ಕೈಯ ತಿರುಗಿಸುವಿಕೆ: ಗಡಿಯಾರದ ದಿಕ್ಕಿಗೆ ತಿರುಗಿಸಬೇಕಾದಲ್ಲಿ ಅದರ ವಿರುದ್ಧ ದಿಕ್ಕು. ಎಕ್ಸ್‌ರೇ ಯಂತ್ರದ ಎಡ ಓರೆ, ಬಲ ಓರೆ ಕೋನಗಳನ್ನು ಅದಲುಬದಲು ಮಾಡಿ, ಪರದೆಯ ಚಿತ್ರವನ್ನೂ ಅಡ್ಡಲಾಗಿ ತಿರುಗಿಸಿದರೆ ವೈದ್ಯರಿಗೆ ಪರಿಚಿತ ನೋಟವೇ ಸಿಗುತ್ತದೆ. ತಲೆ ಮತ್ತು ಕಾಲಿನ ಕಡೆಯ ಕೋನಗಳಿಗೆ ಬದಲಾವಣೆ ಬೇಕಿಲ್ಲ. ಚಿತ್ರ ತಿರುಗಿಸಿದರೆ ಕೈಯ ಚಲನೆಗೂ ಪರದೆಗೂ ತಾಳೆಯಾಗದೆ ಗೊಂದಲವಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ತಿರುಗಿಸದ ನೋಟದಲ್ಲೇ ಕೆಲಸ ಮಾಡುವವರೂ ಇದ್ದಾರೆ. ಎರಡರಲ್ಲಿ ಯಾವುದಾದರೂ ಸರಿ, ಮೊದಲೇ ತೀರ್ಮಾನಿಸಿ ತಂಡದ ಎಲ್ಲರಿಗೂ ತಿಳಿಸಿರಬೇಕು, ನಡುವೆ ಬದಲಿಸಬಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಆಧಾರಗಳೆಲ್ಲ ಬಹುಪಾಲು ಬಿಡಿ ರೋಗಿಗಳ ವರದಿಗಳು. ಯಶಸ್ಸು ಅಚ್ಚಾದಷ್ಟು ಸುಲಭವಾಗಿ ವೈಫಲ್ಯ ಅಚ್ಚಾಗುವುದಿಲ್ಲ. ಹೀಗಾಗಿ ಅಪಾಯ ಇತರರಷ್ಟೇ ಎಂದು ಅಂಕಿಗಳಿಂದ ಸಾಧಿಸಲಾಗದು. ಆದರೂ ಸ್ಟೆಂಟ್ ಕೂರುವ ರಕ್ತನಾಳ ಅದೇ ರಕ್ತನಾಳ. ಹೃದಯ ಬಲಕ್ಕಿದೆ ಎಂಬುದೊಂದೇ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ತಡಮಾಡುವುದನ್ನು ಒಪ್ಪಲಾಗದು. ಈ ವಾದ ಕನ್ನಡಿಯಂಥ ರಚನೆಗೆ ಮಾತ್ರ ಸಲ್ಲುತ್ತದೆ. ಉಳಿದ ಅಂಗಗಳು ಸ್ವಸ್ಥಾನದಲ್ಲಿದ್ದು ಹೃದಯವೊಂದೇ ಬಲಕ್ಕಿದ್ದರೆ ಬೇರೆ ಜನ್ಮಜಾತ ದೋಷಗಳು ಹೆಚ್ಚು. ಅಲ್ಲಿ ಊಹೆ ನಡೆಯದು, ಸಮಯವಿದ್ದರೆ ಸಿಟಿ ಆಂಜಿಯೋಗ್ರಾಮ್ ಮೊದಲು ಆಗಬೇಕು. ಬೈಪಾಸ್ ಬೇಕಾದವರಲ್ಲಿ ಮುಂಭಾಗದ ಮುಖ್ಯ ರಕ್ತನಾಳಕ್ಕೆ ಎಡ ಎದೆಗೋಡೆಯ ಧಮನಿಯ ಬದಲು ಬಲಗಡೆಯದನ್ನು ಜೋಡಿಸುವುದು ಸಹಜವಾಗುತ್ತದೆ. ಅದಕ್ಕಾಗಿ ಎಷ್ಟೋ ಶಸ್ತ್ರವೈದ್ಯರು ರೋಗಿಯ ಎಡಬದಿಗೆ ಬಂದು ನಿಲ್ಲುತ್ತಾರೆ.